ಕುರುಂದವಾಡದ ಸರ್ಕಸ್ಸು

ಊರಿಂದೂರಿಗೆ ಸಂಚರಿಸುವ ಕಲಾವಿದರ ಮೇಳಗಳು ಚಿಕ್ಕ ಊರುಗಳಿಗೆ ಹೇಗೆ ಬರುವವೆಂಬುದು ವಿಚಾರಾರ್ಹವಾದ ವಿಷಯವು. ದೊಡ್ಡ ಪಟ್ಟಣಕ್ಕೆ ಅವುಗಳನ್ನು ಧನಲಾಭದ ಆಸೆಯು ಸೆಳೆಯುವುದು. ಚಿಕ್ಕ ಊರಿಗಾದರೋ ಯಾರೋ ಒಬ್ಬರ ಪರಿಚಯವು, ದಾಕ್ಷಿಣ್ಯವು ಅಥವಾ ಋಣವು ಕರೆತರಬೇಕು. ಜಾತ್ರೆಗಳಲ್ಲಿ ನಾಟಕದ ಕಂಪನಿಗಳೂ ಸರ್ಕಸ್ಸಿನ ಡೇರೆಗಳೂ ಬೀಡುಬಿಡುವುದನ್ನು ಕಂಡ ಸದ್ಭಕ್ತರಿಗೆ ಈ ಮಾತು ಹೊಸದಲ್ಲ. ಭಾರತೀಯ ಸರ್ಕಸ್ಸಿನ ಮೂಲವನ್ನು ಶೋಧಿಸಿದರೆ ಅದೂ ಇಂತಹ ಸಂಬಂಧಗಳಿಂದಲೇ ಹುಟ್ಟಿ, ನಮ್ಮ ಗಡಿಗೆ ಸಮೀಪದ ಒಂದು ಸಣ್ಣ ಊರನ್ನು ನೆಲೆಯಾಗಿ ಮಾಡಿಕೊಂಡಿತೆಂಬುದು ಗೊತ್ತಾಗುವುದು.

ಆ ಊರೇ ಕುರುಂದವಾಡ. ಅದು ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ಪಂಚಗಂಗೆಯು ಕೃಷ್ಣೆಯನ್ನು ಕೂಡುವ ಸಂಗಮಕ್ಕೆ ಹತ್ತಿರದಲ್ಲಿದೆ. ಅಲ್ಲಿಂದ ಮುಂದೆ ಹರಿದ ಕೃಷ್ಣೆಯು ಅಲ್ಪ ದೂರದಲ್ಲಿಯೇ ಕರ್ನಾಟಕವನ್ನು ಪ್ರವೇಶಿಸುವಳು. ಪಟವರ್ಧನ ಮನೆತನದವರು ಆಳುತ್ತಿದ್ದ ಈ ಕಿರುಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಈಗಿನ ಸಾಂಗಲಿ ಜಿಲ್ಲೆಯ ಅಂಕಲಖೋಪದವರಾದ ವಿಷ್ಣುಪಂತ ಛತ್ರೆಯವರು ಗ್ವಾಲಿಯರಿಗೆ ಹೋಗಿ ಅಶ್ವವಿದ್ಯೆಯನ್ನು ಅಭ್ಯಾಸಮಾಡಿದರು. ಅಲ್ಲಿಯೇ ಪ್ರಸಿದ್ಧ ಗಾಯಕರಾದ ಹದ್ದೂಖಾನರಲ್ಲಿ ಸಂಗೀತವನ್ನೂ ಕಲಿತರು. ಮುಂದೆ ಕುರುಂದವಾಡದ ಅಧಿಪತಿಗಳು ಅವರ ಯೋಗ್ಯತೆಯನ್ನರಿತು ತಮ್ಮ ಕುದುರೆಗಳನ್ನು ಅವರ ವಶಕ್ಕೆ ಕೊಟ್ಟರು. 1879ರಲ್ಲಿ ಇಟಲಿ ದೇಶದ ಜುಸೆಪ್ಪೆ ಕಿಯಾರಿನಿಯ ಸರ್ಕಸ್ಸು ಮುಂಬಯಿಗೆ ಬಂದಾಗ ಛತ್ರೆಯವರು ತಮ್ಮ ದೊರೆಗಳೊಡನೆ ಅದನ್ನು ನೋಡಿದರು. ಇಂತಹ ವಿದ್ಯೆಗೆ ಭಾರತೀಯರು ಇನ್ನೂ ಸಿದ್ಧರಾಗಿಲ್ಲವೆಂದು ಕಿಯಾರಿನಿಯು ಆಡಿದ ಮಾತು ಛತ್ರೆಯವರನ್ನು ಕೆರಳಿಸಿತೆಂದು ಹೇಳಿಕೆಯಿದೆ. 1880ನೆಯ ಮಾರ್ಚ್ 20ರಂದು ಮುಂಬಯಿಯಲ್ಲಿ ಛತ್ರೆಯವರ ಸ್ವಂತ ಸರ್ಕಸ್ಸಿನ ಮೊದಲ ಆಟವು ನಡೆಯಿತೆಂದು ಸಾಮಾನ್ಯವಾಗಿ ಗಣಿಸುವರು. ಕುಲಸ್ತ್ರೀಯರು ರಂಗಕ್ಕೆ ಬರಲು ಅಳುಕುತ್ತಿದ್ದ ಆ ಕಾಲದಲ್ಲಿ ಅವರ ಪತ್ನಿಯವರೂ ಆಟದಲ್ಲಿ ಭಾಗವಹಿಸಿದರು. ದೊರೆಯ ವಿಶ್ವಾಸವೂ ಗೃಹಿಣಿಯ ಧೈರ್ಯವೂ ಇಲ್ಲದಿದ್ದರೆ ಆ ಕೆರಳಿಕೆಯು ಬರಿಯ ಮಾತಾಗಿಯೇ ಉಳಿಯುತ್ತಿತ್ತು.

ಅವರ ಸರ್ಕಸ್ಸಿನ ಇತಿಹಾಸದಲ್ಲಿ ಮನಮುಟ್ಟುವ ಪ್ರಸಂಗವು ಗುರುಪುತ್ರನದು. ಹದ್ದೂಖಾನರ ಮಗನಾದ ರಹಿಮತ್ ಖಾನರು ತಂದೆಯ ಮರಣಾನಂತರ ಮನಸ್ಸಿನ ಸ್ಥಿಮಿತವನ್ನು ಕಳೆದುಕೊಂಡು, ಅಫೀಮಿಗೆ ವಶರಾಗಿ, ಕಾಶಿಯ ಬೀದಿಗಳಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದರು. ವಿಷ್ಣುಪಂತರು ಅವರನ್ನು ಅಲ್ಲಿ ಗುರುತಿಸಿ, ತಮ್ಮೊಡನೆ ಕರೆದೊಯ್ದು, ಗುರುಋಣವೆಂದು ಭಾವಿಸಿ ಸಲಹಿದರು. ಡೇರೆಯು ಹೋದ ಊರುಗಳಿಗೆ ಗಾಯಕರೂ ಹೋದರು. ಕುದುರೆಯ ಜಿಗಿತವನ್ನು ನೋಡಲು ನೆರೆದ ಜನರಿಗೆ ಗ್ವಾಲಿಯರಿನ ಗಾನವನ್ನು ಕೇಳುವ ಯೋಗವೂ ಒದಗಿತು. ವಿಷ್ಣುಪಂತರ ತರುವಾಯ ಸೋದರರಾದ ಕಾಶೀನಾಥಪಂತರು ಆ ಭಾರವನ್ನು ಕೊನೆಯವರೆಗೂ ಹೊತ್ತರು. ಜನರಿಂದ ಭೂಗಂಧರ್ವರೆಂದು ಕೀರ್ತಿತರಾದ ಖಾನರು 1922ರಲ್ಲಿ ಕುರುಂದವಾಡದಲ್ಲಿಯೇ ದೇಹವಿಟ್ಟರು. ಅವರ ಗಾಯನದ ಪ್ರಭಾವಕ್ಕೆ ಒಳಗಾದವರಲ್ಲಿ ನೆರೆಯ ಮಿರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರು ಒಬ್ಬರು. ಇವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಸರ್ಕಸ್ಸಿನವರೊಬ್ಬರು ತೀರಿಸಿದ ಗುರುಋಣದ ಫಲದಲ್ಲಿ ಕನ್ನಡನಾಡಿಗೂ ಪಾಲು ದೊರೆಯಿತೆನ್ನಲು ಅಡ್ಡಿಯಿಲ್ಲ.

ಇನ್ನೊಂದು ಸ್ನೇಹವು ಪಶ್ಚಿಮ ಕರಾವಳಿಯಲ್ಲಿ ಬೆಳೆಯಿತು. 1887ರ ಸುಮಾರಿಗೆ ಛತ್ರೆಯವರ ಸರ್ಕಸ್ಸು ತಲಚೇರಿಗೆ ಹೋದಾಗ, ಅಲ್ಲಿನ ಬಾಸೆಲ್ ಮಿಷನ್ ಶಾಲೆಯ ವ್ಯಾಯಾಮೋಪಾಧ್ಯಾಯರಾದ ಕೀಲೇರಿ ಕುಂಞಿಕಣ್ಣನ್ ಎಂಬವರ ಪರಿಚಯವಾಯಿತು. ಕಳರಿಯ ವಿದ್ಯೆಯನ್ನು ಬಲ್ಲ ಇವರು ತರುಣರನ್ನು ಸರ್ಕಸ್ಸಿಗೆ ತಕ್ಕಂತೆ ಪಳಗಿಸುವ ಕಾರ್ಯವನ್ನು ಕೈಕೊಂಡರು. 1901ರಲ್ಲಿ ಚಿರಕ್ಕರದಲ್ಲಿ ಅದಕ್ಕಾಗಿಯೇ ಶಾಲೆಯನ್ನು ತೆರೆದರು. ಅವರ ಶಿಷ್ಯನಾದ ಪರಿಯಾಳಿ ಕಣ್ಣನ್ ಎಂಬವನು 1904ರಲ್ಲಿ ಮಲಬಾರ್ ಗ್ರಾಂಡ್ ಸರ್ಕಸ್ಸನ್ನು ಕಟ್ಟಿದನು. ಅಂದಿನಿಂದ ಭಾರತದ ಸರ್ಕಸ್ಸಿಗೆ ತಲಚೇರಿಯೇ ತವರಾಯಿತು.

ಆದರೆ ಸಂಬಂಧವೆಂಬುದಕ್ಕೆ ಎರಡು ಮುಖಗಳುಂಟೆಂಬುದನ್ನು ಮರೆಯಲಾಗದು. ಒಬ್ಬನಿಗೆ ಆಶ್ರಯವಾದುದೇ ಮತ್ತೊಬ್ಬನಿಗೆ ಪಾಶವಾಗಬಹುದು. ಪರಿಚಯಸ್ಥರ ಮಾತನ್ನು ನಂಬಿ ಬಡ ತಾಯಿತಂದೆಗಳು ಡೇರೆಗೆ ಒಪ್ಪಿಸಿದ ಎಳೆಯ ಮಕ್ಕಳು ಎಷ್ಟೋ ಕಡೆ ಮರಳಿ ಮನೆಗೆ ಬರಲಾರದೆ ನೊಂದರು. ಮಾತು ಬಾರದ ಮೃಗಗಳು ಪಂಜರದಲ್ಲಿ ಬಳಲಿದವು. ಹುಲಿ, ಸಿಂಹ, ಚಿರತೆ, ಕರಡಿ, ಮಂಗ ಇವುಗಳ ಪ್ರದರ್ಶನವನ್ನು ಸರ್ಕಾರವು 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂಬ ಆದೇಶವು ಅದೇ ನ್ಯಾಯಾಲಯದಿಂದ 2011ರಲ್ಲಿ ಹೊರಟಿತು. ಇದರಿಂದ ಆಟದ ಆಕರ್ಷಣೆಯು ಕುಗ್ಗಿತೆಂದು ಹಲುಬುವವರುಂಟು. ಅನ್ಯರ ನೋವಿನಿಂದ ಬೆಳೆಯುವ ವಿನೋದವು ಕುಗ್ಗಿದರೆ ವ್ಯಥೆಪಡಲು ಕಾರಣವಿಲ್ಲ.

ಆದುದರಿಂದ, ತಮ್ಮ ಊರಿಗೆ ಮೇಳವೊಂದನ್ನು ಬರಮಾಡಿಕೊಳ್ಳುವ ಹಿರಿಯರು ಎಷ್ಟು ಜನ ನೆರೆದರೆಂದು ಎಣಿಸಿದರಷ್ಟೇ ಸಾಲದು. ಆ ಡೇರೆಯಲ್ಲಿ ಯಾರು ಉಂಡರು, ಯಾರು ಉಪವಾಸವಿದ್ದರು, ಯಾರು ಬಲವಂತಕ್ಕೆ ಸಿಕ್ಕಿ ಬಂದರು ಎಂಬುದನ್ನೂ ವಿಚಾರಿಸಬೇಕು. ಕಿಯಾರಿನಿಗೆ ತಕ್ಕ ಉತ್ತರವನ್ನು ಕೊಟ್ಟುದು ವಿಷ್ಣುಪಂತರ ಸಾಹಸವು ಸರಿಯೇ. ಕಾಶಿಯ ಬೀದಿಯಲ್ಲಿ ಗುರುಪುತ್ರನ ಕೈಹಿಡಿದುದು ಅದಕ್ಕಿಂತಲೂ ಹಿರಿದಾದ ಸಾಹಸವು.