ಲೋಟದಲ್ಲಿ ಮಸೆದ ಬ್ಲೇಡು

ಅರವತ್ತರ ದಶಕದಲ್ಲಿ ಮಾಟುಂಗಾದ ನಮ್ಮ ಒಂದೂವರೆ ಕೋಣೆಯ ಬಿಡಾರದಲ್ಲಿ ಒಂದು ಗಾಜಿನ ಲೋಟವಿತ್ತು. ಅದರಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ನಮ್ಮ ತಂದೆಯವರು ಹಳೆಯ ಬ್ಲೇಡನ್ನು ಅದರ ಒಳಮೈಗೆ ಆನಿಸಿ, ಎರಡು ಹನಿ ನೀರು ಹಾಕಿ, ಬೆರಳಿನಿಂದ ಒತ್ತಿ ಹಿಡಿದು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದರು. ಈ ಮಗ್ಗುಲಿಗೆ ಇಪ್ಪತ್ತು ಸಲ, ಆ ಮಗ್ಗುಲಿಗೆ ಇಪ್ಪತ್ತು ಸಲ. ಆ ಸದ್ದಿಗೇ ನಾವು ಮಕ್ಕಳು ಏಳುತ್ತಿದ್ದುದು. "ಪೈಸಾದ ಬ್ಲೇಡಿಗೆ ಇಷ್ಟ ತ್ರಾಸ ಯಾಕ ತಗೋತೀರಿ?" ಎಂದು ತಾಯಿ ಕೇಳಿದರೆ, "ಪೈಸಾ ಕೂಡಿದ್ರನ ಊರಿಗೆ ಮನಿಆರ್ಡರ್ ಹೋಗೂದು" ಎಂಬುದು ಅವರ ಸಿದ್ಧ ಉತ್ತರ.

ತಾಯಿಯವರ ಪ್ರಶ್ನೆ ಸುಳ್ಳಲ್ಲ. ಆ ಶ್ರಮ ಸಾರ್ಥಕವಾಗಿತ್ತೇ? ಉತ್ತರ ಹುಡುಕಹೊರಟರೆ ಆ ಉಕ್ಕಿನ ಚೂರಿನ ಹಿಂದೆ ಅರವತ್ತು ವರ್ಷಗಳ ಒಂದು ಜಗಳವೇ ಕಾಣುತ್ತದೆ. ಬಿಸಾಡು ಎನ್ನುವ ತಯಾರಕ ಒಂದು ಕಡೆ, ಮಸೆದೇ ತೀರುತ್ತೇನೆ ಎನ್ನುವ ಗಿರಾಕಿ ಇನ್ನೊಂದು ಕಡೆ.

ಬ್ಲೇಡು ಬರುವ ಮೊದಲು ಮಸೆಯದೆ ಗಡ್ಡವಿಲ್ಲ. ನಮ್ಮೂರುಗಳಲ್ಲಿ ಕ್ಷೌರಿಕನ ಹಡಪದೊಳಗೆ ಕತ್ತಿಯ ಜೊತೆಗೆ ಮಸೆಗಲ್ಲೂ ಚರ್ಮದ ಪಟ್ಟಿಯೂ ಇರಲೇಬೇಕು. ಪಟ್ಟಿ ಸಿಗದಿದ್ದರೆ ಅಂಗೈಯೇ ಪಟ್ಟಿ. ಅಮೆರಿಕದಲ್ಲೂ ಇದೇ ಪಾಡು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫೆ ಸೋದರರು ಮುಖ ಕೊಯ್ಯದಂತೆ ಅಡ್ಡತಡೆಯಿರುವ 'ಸೇಫ್ಟಿ ರೇಜರ್' ಮಾಡಿದರು; ಆದರೆ ಅದರ ದಪ್ಪ ಅಲಗನ್ನೂ ಮೇಲಿಂದ ಮೇಲೆ ಮಸೆಯಬೇಕಾಗುತ್ತಿತ್ತು. ಆದ್ದರಿಂದ ಮುಂದೆ ಬಂದ ಕಿಂಗ್ ಕ್ಯಾಂಪ್ ಗಿಲೆಟ್ ಎಂಬಾತ ಸುರಕ್ಷತೆಯನ್ನು ಕಂಡುಹಿಡಿದನೆನ್ನುವುದು ಸರಿಯಲ್ಲ. ಆತ ಮಾರಿದ್ದು ಮಸೆಯುವ ಕೆಲಸದಿಂದ ಬಿಡುಗಡೆಯನ್ನು.

ಈ ಗಿಲೆಟ್ ವಿಚಿತ್ರ ಮನುಷ್ಯ. 1894ರಲ್ಲಿ 'ದಿ ಹ್ಯೂಮನ್ ಡ್ರಿಫ್ಟ್' ಎಂಬ ಪುಸ್ತಕ ಬರೆದು, ಪೈಪೋಟಿಯ ವ್ಯಾಪಾರವೆಲ್ಲ ಬರಿ ಪೋಲು ಎಂದು ವಾದಿಸಿದ. ನಯಾಗರಾ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದೇ ಮಹಾನಗರದಲ್ಲಿ ಜನರೆಲ್ಲ ಬಾಳಬೇಕು, ಬೇಕಾದ್ದನ್ನೆಲ್ಲ ಒಂದೇ ಸಂಸ್ಥೆ ತಯಾರಿಸಬೇಕು ಎಂಬುದು ಆತನ ಕನಸು. ಪೋಲನ್ನು ಅಷ್ಟು ದ್ವೇಷಿಸಿದವನ ಹೊಟ್ಟೆಪಾಡು ಮಾತ್ರ ಬಾಟಲಿಯ ಬಿರಡೆ ಮಾರುವ ಕಂಪನಿಯಲ್ಲಿ. ಆ ಬಿರಡೆಯನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಆತನಿಗೆ, ಜನ ಒಮ್ಮೆ ಬಳಸಿ ಬಿಸಾಡಿ ಮತ್ತೆ ಕೊಳ್ಳಲು ಬರುವಂಥ ವಸ್ತುವೊಂದನ್ನು ಯೋಚಿಸು ಎಂದು ಕಿವಿಮಾತು ಹೇಳಿದನಂತೆ. 1895ರಲ್ಲಿ ಒಂದು ಬೆಳಿಗ್ಗೆ ಮೊಂಡು ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಾಗ ತೆಳ್ಳನೆಯ ಉಕ್ಕಿನ ಪಟ್ಟಿ ಹೊಳೆಯಿತು.

ಹೊಳೆದರೆ ಸಾಕೆ? ಅಷ್ಟು ತೆಳು ಉಕ್ಕನ್ನು ಹದಗೊಳಿಸಿ ಬಾಯಿ ಕೊಡುವುದು ಆಗದ ಮಾತು ಎಂದು ಬಲ್ಲವರೆಲ್ಲ ಕೈಯಾಡಿಸಿಬಿಟ್ಟರು. ಕೊನೆಗೆ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದ. 1903ರಲ್ಲಿ ಮಾರಾಟವಾದದ್ದು 51 ರೇಜರ್ ಮತ್ತು 168 ಬ್ಲೇಡು. ಮರುವರ್ಷ ರೇಜರುಗಳೇ 90 ಸಾವಿರ ದಾಟಿದವು. ಹಿಡಿಕೆಯನ್ನು ಪುಕ್ಕಟೆ ಹಂಚಿ ಬ್ಲೇಡಿನಲ್ಲಿ ದುಡ್ಡು ಮಾಡಿದನೆಂಬ ಕಥೆ ವ್ಯಾಪಾರಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಓಡಾಡುತ್ತಿದೆ. ನಿಜ ಬೇರೆ. ಆ ರೇಜರಿನ ಬೆಲೆ 5 ಡಾಲರ್, ಅಂದಿನ ಕೂಲಿಕಾರನ ಹೆಚ್ಚುಕಡಿಮೆ ಅರ್ಧ ವಾರದ ಸಂಬಳ. 1921ರಲ್ಲಿ ಪೇಟೆಂಟ್ ಮುಗಿಯುವವರೆಗೆ ಆ ಬೆಲೆ ಇಳಿಯಲಿಲ್ಲ. ಬ್ಲೇಡೂ ಅಗ್ಗವಿರಲಿಲ್ಲ; ಡಜನ್ನಿಗೆ ಒಂದು ಡಾಲರ್.

ಬೆಲೆ ಹೀಗಿರುವಾಗ ಬಿಸಾಡು ಎಂದರೆ ಯಾರು ಬಿಸಾಡುತ್ತಾರೆ? ಮಸೆಯುವುದೂ ಬೇಡ, ಪಟ್ಟಿಗೆ ತಿಕ್ಕುವುದೂ ಬೇಡ ಎಂದು ಗಿಲೆಟ್ ಕಂಪನಿ ಜಾಹೀರಾತಿನಲ್ಲಿ ಸಾರುತ್ತಿದ್ದಂತೆಯೇ, ಅದರ ಬ್ಲೇಡನ್ನೇ ಮಸೆದುಕೊಡುವ ಯಂತ್ರಗಳ ಇನ್ನೊಂದು ಉದ್ಯಮ ಪಕ್ಕದಲ್ಲಿ ಬೆಳೆಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಯಾರಾದ 'ಟ್ವಿನ್‌ಪ್ಲೆಕ್ಸ್'ಗೆ ಪುಟ್ಟ ಹಿಡಿ. ತಿರುಗಿಸಿದರೆ ಬ್ಲೇಡು ಚರ್ಮದ ಉರುಳೆಗಳಿಗೆ ಉಜ್ಜುತ್ತಿತ್ತು. ಸ್ವಿಟ್ಜರ್ಲೆಂಡಿನ 'ಅಲೆಗ್ರೋ' ಪೆಟ್ಟಿಗೆಗೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಚರ್ಮ. ಇಂಗ್ಲೆಂಡಿನಲ್ಲಿ 'ಲಿಲಿಕ್ರ್ಯಾಪ್' ಹೆಸರಿನ ಬಾಗಿದ ಗಾಜಿನ ತುಂಡು ಮಾರಾಟಕ್ಕೆ ಬಂತು. ಬರಿ ಗಾಜು! ನಮ್ಮ ಮನೆಯ ಲೋಟದ ಸಿರಿವಂತ ಅಣ್ಣನೆನ್ನಬಹುದು.

ಇವರೆಲ್ಲರಲ್ಲಿ ಜಾಣ ಹೆನ್ರಿ ಗೈಸ್‌ಮನ್. ಆತನ 'ಆಟೋಸ್ಟ್ರಾಪ್' ರೇಜರಿನಲ್ಲಿ ಬ್ಲೇಡನ್ನು ಹೊರಗೆ ತೆಗೆಯುವುದೇ ಬೇಡ. ಚರ್ಮದ ಪಟ್ಟಿಯನ್ನು ರೇಜರಿನೊಳಗೇ ತೂರಿಸಿ ನಾಲ್ಕು ಸಲ ಎಳೆದರೆ ಮುಗಿಯಿತು. ಮುಂದೆ ಹೊಸ ಮಾದರಿಯ ಬ್ಲೇಡಿನ ಪೇಟೆಂಟಿಗಾಗಿ ಆತನಿಗೂ ಗಿಲೆಟ್ ಕಂಪನಿಗೂ ವ್ಯಾಜ್ಯ ಹತ್ತಿ, 1930ರಲ್ಲಿ ಎರಡೂ ಕಂಪನಿಗಳು ಒಂದಾದವು. ಆ ಹೊತ್ತಿಗೆ ಗಿಲೆಟ್ ಕಂಪನಿಯ ಲೆಕ್ಕಪತ್ರಗಳಲ್ಲಿ ಹಲವು ವರ್ಷ ಲಾಭವನ್ನು ಹಿಗ್ಗಿಸಿ ತೋರಿಸಿದ್ದು ಬಯಲಾಗಿ, ಆಡಳಿತ ಗೈಸ್‌ಮನ್ನನ ಕೈಸೇರಿತು. ಮಸೆಯಿರಿ ಎಂದು ಗೆದ್ದವನು ಬಿಸಾಡಿ ಎನ್ನುವ ಗದ್ದುಗೆಯ ಮೇಲೆ ಕುಳಿತ. ಗಿಲೆಟ್ 1932ರಲ್ಲಿ ತೀರಿಕೊಂಡ; ಆರ್ಥಿಕ ಕುಸಿತದಲ್ಲಿ ಆತನ ಗಂಟೂ ಬಹುಮಟ್ಟಿಗೆ ಕರಗಿತ್ತು.

ಇನ್ನು, ಮಸೆದರೆ ನಿಜವಾಗಿ ಏನಾಗುತ್ತಿತ್ತು? ಆ ಕಾಲದ ಬ್ಲೇಡು ಇಂಗಾಲದ ಉಕ್ಕಿನದು. ಒದ್ದೆ ಇಟ್ಟರೆ ಮರುದಿನ ಕೆಂಪು ತುಕ್ಕು. ಕೂದಲ ಎಳೆಗಿಂತ ಎಷ್ಟೋ ಪಾಲು ತೆಳುವಾದ ಬಾಯಿಯನ್ನು ಮೊದಲು ತಿನ್ನುವುದು ತುಕ್ಕೇ. ಉಳಿದದ್ದು ಅಲ್ಲಲ್ಲಿ ಮಡಿಚಿಕೊಳ್ಳುತ್ತದೆ. ಗಾಜಿಗೋ ಚರ್ಮಕ್ಕೋ ಉಜ್ಜಿದಾಗ ತುಕ್ಕು ಸವೆದು, ಮಡಿಚಿದ್ದು ನೆಟ್ಟಗಾಗುತ್ತದೆ. ಲೋಟವೇ ಏಕೆಂದರೆ, ಒಳಮೈಯ ಬಾಗಿಗೆ ಬ್ಲೇಡೂ ಬಾಗಿ ಎರಡು ಬಾಯಿಗಳೂ ಒಟ್ಟಿಗೆ ತಗಲುತ್ತವೆ. ಹಾಗಾಗಿ ಇದು ಮೂಢನಂಬಿಕೆಯಲ್ಲ. ಮೂಢನಂಬಿಕೆ ಬೇಕಿದ್ದರೆ ಅದೂ ಉಂಟು. ಕಾರೆಲ್ ದ್ರ್‌ಬಾಲ್ ಎಂಬ ಚೆಕ್ ಎಂಜಿನಿಯರ್, ರಟ್ಟಿನ ಪಿರಮಿಡ್ಡಿನೊಳಗೆ ಇಟ್ಟ ಬ್ಲೇಡು ತಾನಾಗಿ ಹರಿತವಾಗುತ್ತದೆಂದು 1949ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಹತ್ತು ವರ್ಷಗಳ ಮೇಲೆ ಪಡೆದೂಬಿಟ್ಟ!

ನಮ್ಮ ಮನೆಯ ಲೆಕ್ಕ ಹೀಗಿತ್ತು. ಮಸೆಯದಿದ್ದರೆ ಬ್ಲೇಡು ಎರಡು ದಿನ, ಮಸೆದರೆ ಒಂದು ವಾರ. ಎಂದರೆ ವರ್ಷಕ್ಕೆ 182ರ ಬದಲು 52 ಬ್ಲೇಡು. ದಿನಕ್ಕೆ ಎರಡು ನಿಮಿಷದಂತೆ ವರ್ಷಕ್ಕೆ 12 ತಾಸಿನ ದುಡಿಮೆ. ಉಳಿದದ್ದು 130 ಬ್ಲೇಡು. ತಾಸಿಗೆ ಹನ್ನೊಂದು ಬ್ಲೇಡಿನ ಸಂಬಳ. ತಿಂಗಳ ಕೊನೆಯ ವಾರದಲ್ಲಿ ಚಿಲ್ಲರೆ ಎಣಿಸುತ್ತಿದ್ದ ಗುಮಾಸ್ತನಿಗೆ ಇದು ನಷ್ಟದ ಕೆಲಸವೆಂದು ನಾನಂತೂ ಹೇಳಲಾರೆ.

ಈ ಲೆಕ್ಕವನ್ನು ಕೆಡಿಸಿದ್ದು ತುಕ್ಕು ಹಿಡಿಯದ ಉಕ್ಕು. ಯುದ್ಧದ ಕತ್ತಿಗಳಿಗೂ ತೋಟದ ಕತ್ತರಿಗಳಿಗೂ ಹೆಸರಾಗಿದ್ದ ಇಂಗ್ಲೆಂಡಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿ 1962ರಲ್ಲಿ ಸ್ಟೇನ್‌ಲೆಸ್ ಬ್ಲೇಡನ್ನು ಪೇಟೆಗೆ ತಂದಿತು. ಅದು ಎಷ್ಟೋ ಹೆಚ್ಚು ದಿನ ಬಾಳುತ್ತಿತ್ತು. ದೈತ್ಯ ಗಿಲೆಟ್ ಎಚ್ಚೆತ್ತು ತನ್ನದನ್ನು ತರುವಾಗ 1963. ಬಾಯಿ ಜಾರಲೆಂದು ಅದರ ಮೇಲೆ ಟೆಫ್ಲಾನ್ ಜಾತಿಯ ತೆಳು ಲೇಪವೂ ಬಂತು. ಇಲ್ಲಿಗೆ ಲೋಟದ ಆಟ ಮುಗಿಯಿತು. ಗಾಜಿಗೆ ಉಜ್ಜಿದರೆ ಮೊದಲು ಹೋಗುವುದು ಆ ಲೇಪವೇ.

ಲೇಪವಿದ್ದರೂ ಬ್ಲೇಡು ಮೊಂಡಾಗುವುದೇಕೆ ಎಂಬುದು ತೀರ ಈಚೆಗೆ ಬಿಡಿಸಿದ ಒಗಟು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು. 2020ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೇ ಕೂದಲು ಕತ್ತರಿಸಿ ನೋಡಿದರು. ಬಾಯಿ ಸಮನಾಗಿ ಸವೆಯುವುದಕ್ಕಿಂತ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಉಕ್ಕಿನ ಹದ ಏಕರೂಪವಿಲ್ಲದ ಕಡೆ ಕೂದಲು ಓರೆಯಾಗಿ ತಗಲಿದರೆ ಸಾಕು. ಚಕ್ಕೆ ಎದ್ದುಹೋದದ್ದನ್ನು ಲೋಟ ಮರಳಿ ತಂದುಕೊಡಲಾರದು. ಆದ್ದರಿಂದ ಇಂದಿನ ಬ್ಲೇಡನ್ನು ಮಸೆಯುವುದು ನನ್ನ ಮಟ್ಟಿಗೆ ದಂಡದ ಕೆಲಸ. ಎರಡು-ಮೂರು ಅಲಗು ಜೋಡಿಸಿದ ದುಬಾರಿ ತಲೆಗಳ ಮಾತೇ ಬೇರೆ. ಅವು ಲೋಟಕ್ಕೆ ಆನುವುದೂ ಇಲ್ಲ.

ಬಿಸಾಡುವುದರ ಪರವಾಗಿ ಇನ್ನೊಂದು ಮಾತಿದೆ, ಅದು ಹಣದ್ದಲ್ಲ. ಮಸೆದ ಕತ್ತಿ ಎಂದರೆ ಹತ್ತು ಜನರ ಗಡ್ಡಕ್ಕೆ ಒಂದೇ ಕತ್ತಿ. 1986ರಲ್ಲಿ ಮದ್ರಾಸಿನಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದ ಮೇಲೆ ನಮ್ಮ ಕ್ಷೌರದಂಗಡಿಗಳಲ್ಲಿ "ಹೊಸಾ ಬ್ಲೇಡ್ ಹಾಕಪ್ಪಾ" ಎನ್ನುವುದು ರೂಢಿಯಾಯಿತು. ಅಂಗಡಿಯಾತ ಪೊಟ್ಟಣ ಬಿಚ್ಚಿ, ನಮ್ಮ ಕಣ್ಣೆದುರೇ ಬ್ಲೇಡನ್ನು ಲಟಕ್ಕನೆ ಎರಡು ಹೋಳು ಮಾಡಿ, ಒಂದನ್ನು ಹಿಡಿಕೆಗೆ ಸಿಕ್ಕಿಸಿ, ಇನ್ನೊಂದನ್ನು ಮುಂದಿನವನಿಗೆಂದು ಕಾಗದದಲ್ಲಿ ಸುತ್ತಿಡುತ್ತಾನೆ. ಚರ್ಮದ ಪಟ್ಟಿ ಗೂಟದಿಂದ ಇಳಿದು ಎಷ್ಟೋ ವರ್ಷಗಳಾದವು.

ನಮ್ಮ ತಂದೆಯವರೂ ಎಪ್ಪತ್ತರ ದಶಕದಲ್ಲಿ ಸ್ಟೇನ್‌ಲೆಸ್ಸಿಗೆ ಬಂದರು. ಮೊದಲ ಬ್ಲೇಡು ಮೊಂಡಾದಾಗ ಅಭ್ಯಾಸಬಲದಿಂದ ಲೋಟ ತೆಗೆದು ಇಪ್ಪತ್ತು-ಇಪ್ಪತ್ತು ಸಲ ಉಜ್ಜಿದರು. ಮರುಗಳಿಗೆ ಗದ್ದದ ಮೇಲೆ ಪಟಿಕದ ಕಲ್ಲು ಒತ್ತಿಕೊಂಡು ಕುಳಿತಿದ್ದರು. ಆ ಬ್ಲೇಡು ತಾಯಿಯವರ ಹೊಲಿಗೆ ಡಬ್ಬಿ ಸೇರಿತು. ಲೋಟದಲ್ಲಿ ಬ್ರಶ್ಶುಗಳನ್ನು ನಿಲ್ಲಿಸತೊಡಗಿದೆವು. ಅದರ ಒಳಮೈಯ ಮಂಜುಮಂಜಾದ ಪಟ್ಟೆ ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ.