ಸತ್ತ ಬ್ಯಾಕ್ಟೀರಿಯಾ ಮತ್ತು ಪ್ರಿಬಯೋಟಿಕ್ ಜೋಡಿ ಬೊಜ್ಜು ತಡೆಯುತ್ತದೆಯೇ?

‘ಪ್ರಿಬಯೋಟಿಕ್ ಮತ್ತು ಪೋಸ್ಟ್‌ಬಯೋಟಿಕ್ ಒಟ್ಟಿಗೆ ತೆಗೆದುಕೊಂಡರೆ ಬೊಜ್ಜು ಬರುವುದೇ ಇಲ್ಲ’ ಎನ್ನುವಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು?

ಇವು ಏನು?
ನಮಗೆ ಜೀರ್ಣವಾಗದ, ಆದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಅಂಶವೇ ಪ್ರಿಬಯೋಟಿಕ್. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಇನುಲಿನ್ ಇದಕ್ಕೆ ಉದಾಹರಣೆ. ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ, ಆರೋಗ್ಯಕ್ಕೆ ಲಾಭವಿದೆ ಎಂದು ಸಾಬೀತಾದ ಸೂಕ್ಷ್ಮಾಣುಗಳೇ ಪೋಸ್ಟ್‌ಬಯೋಟಿಕ್. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾಗಳೂ ಹಬೆಯಲ್ಲಿ ಸಾಯುತ್ತವೆ. ಆದರೆ ಅಷ್ಟಕ್ಕೇ ಇಡ್ಲಿ ಪೋಸ್ಟ್‌ಬಯೋಟಿಕ್ ಆಗುವುದಿಲ್ಲ.

ಸತ್ತ ಬ್ಯಾಕ್ಟೀರಿಯಾ ಹೇಗೆ ಕೆಲಸ ಮಾಡುತ್ತದೆ?
ನಮ್ಮ ಕರುಳಿನ ಲೋಳೆಪದರದಲ್ಲಿ ಅಕ್ಕರ್ಮನ್ಸಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೊಜ್ಜು ಬಂದ ಇಲಿಗಳಿಗೆ ಪ್ರಿಬಯೋಟಿಕ್ ಕೊಟ್ಟಾಗ ಇದರ ಸಂಖ್ಯೆ ಹೆಚ್ಚಿದ್ದನ್ನು ಬೆಲ್ಜಿಯಂನ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿ ಮಾಡಿದ ಅಕ್ಕರ್ಮನ್ಸಿಯಾ ಕೂಡ ಇಲಿಗಳಲ್ಲಿ ಕೊಬ್ಬು ಹೆಚ್ಚುವುದನ್ನು ತಗ್ಗಿಸಿದ್ದು 2017ರಲ್ಲಿ ಕಂಡುಬಂತು. ಅದರ ಹೊರಪೊರೆಯ ಒಂದು ಪ್ರೋಟೀನ್ ಆ ಶಾಖಕ್ಕೂ ಕೆಡದೆ ಉಳಿಯುವುದು ಇದಕ್ಕೆ ಒಂದು ಕಾರಣ.

ಮನುಷ್ಯರಲ್ಲಿ ಏನಾಯಿತು?
2019ರಲ್ಲಿ ಪ್ರಕಟವಾದ ಪ್ರಯೋಗವನ್ನು ಪೂರ್ಣಗೊಳಿಸಿದವರು 32 ಜನ; ಎಲ್ಲರೂ ಮೊದಲೇ ಅಧಿಕ ತೂಕ ಅಥವಾ ಬೊಜ್ಜು ಇದ್ದವರು. ನಿಷ್ಕ್ರಿಯ ಅಕ್ಕರ್ಮನ್ಸಿಯಾವನ್ನು ಮೂರು ತಿಂಗಳು ಸೇವಿಸಿದವರಲ್ಲಿ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು, ಕೊಲೆಸ್ಟ್ರಾಲ್ ಇಳಿಯಿತು. ತೂಕದಲ್ಲಿ ಸುಮಾರು 2.3 ಕೆ.ಜಿ. ವ್ಯತ್ಯಾಸ ಕಂಡರೂ, ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೃಢವಾಗಿರಲಿಲ್ಲ.

ಇಲ್ಲಿ ಎರಡು ಅಂಶ ಗಮನಿಸಿ. ಈ ಪ್ರಯೋಗದಲ್ಲಿ ಜೊತೆಗೆ ಪ್ರಿಬಯೋಟಿಕ್ ಕೊಟ್ಟಿರಲಿಲ್ಲ. ಬೊಜ್ಜು ಬರದಂತೆ ತಡೆಯುತ್ತದೆಯೇ ಎಂಬುದನ್ನು ಇದು ಪರೀಕ್ಷಿಸಲೂ ಇಲ್ಲ.

ಹಾಗಾದರೆ ಅನುಮತಿ?
ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ನಿಷ್ಕ್ರಿಯ ಅಕ್ಕರ್ಮನ್ಸಿಯಾ ನಿಗದಿತ ಪ್ರಮಾಣದಲ್ಲಿ ವಯಸ್ಕರಿಗೆ ಸುರಕ್ಷಿತ ಎಂದಿತು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇದರಲ್ಲಿ ಸೇರಿಲ್ಲ. ಸುರಕ್ಷಿತ ಎಂದರೆ ತೂಕ ಇಳಿಸುತ್ತದೆ ಎಂದಲ್ಲ.

ನೀವೇನು ಮಾಡಬಹುದು?
ಕಾಳು, ತರಕಾರಿ, ಸಿರಿಧಾನ್ಯಗಳಿಂದ ನಾರಿನಂಶ ಹೆಚ್ಚಿಸಿಕೊಳ್ಳಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಬಹುದು, ನಿಧಾನವಾಗಿ ಮಾಡಿ. ಇಂಥ ಪುಡಿ, ಕ್ಯಾಪ್ಸೂಲ್ ನಂಬಿ ಮಧುಮೇಹದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ನಿಲ್ಲಿಸಿದರೆ ಸಕ್ಕರೆ ಪ್ರಮಾಣ ಸದ್ದಿಲ್ಲದೆ ಏರಬಹುದು.

ತೀರ್ಮಾನ: ಸಂಶೋಧನೆ ನಿಜ, ‘ಬೊಜ್ಜು ಬರುವುದೇ ಇಲ್ಲ’ ಎಂಬ ಭರವಸೆಗೆ ಆಧಾರವಿಲ್ಲ. ಫಾರ್ವರ್ಡ್ ಮಾಡುವುದಾದರೆ ಈ ಎರಡೂ ಮಾತನ್ನು ಸೇರಿಸಿಯೇ ಮಾಡಿ.