ಜಾರ್ಜಿಯಾದ ಒಂದು ಊಟದ ಮೇಜು

ಅಪೊಸ್ತಲರ ಕೃತ್ಯಗಳಲ್ಲಿ ವರ್ಣಿತವಾಗಿರುವ ಯೆರೂಸಲೇಮ್ ಸಭೆಯ ಸಮಭಾಗಿ ಜೀವನವನ್ನು ನಾವು ಸಾಮಾನ್ಯವಾಗಿ ಮುಗಿದುಹೋದ ಸುವರ್ಣಕಾಲವೆಂದು ಬೋಧಿಸುತ್ತೇವೆ. ಕ್ಲಾರೆನ್ಸ್ ಜಾರ್ಡನ್ ಅದನ್ನು ಬರಲಿರುವ ದೇವರ ರಾಜ್ಯದ ಮಾದರಿಯೆಂದು ಓದಿದರು. ಕೃಷಿಶಾಸ್ತ್ರದ ಪದವೀಧರರಾಗಿದ್ದು, ಲೂಯಿವಿಲ್‌ನ ಬ್ಯಾಪ್ಟಿಸ್ಟ್ ಸೆಮಿನರಿಯಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಡಾಕ್ಟರೇಟ್ ಪಡೆದ ಅವರು, 1942ರಲ್ಲಿ ಪತ್ನಿ ಫ್ಲಾರೆನ್ಸ್ ಹಾಗೂ ಬರ್ಮಾದಲ್ಲಿ ಮಿಷನೆರಿಗಳಾಗಿದ್ದ ಇಂಗ್ಲೆಂಡ್ ದಂಪತಿಗಳೊಡನೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 440 ಎಕರೆ ಭೂಮಿಯ ಮೇಲೆ ಒಂದು ಸಮುದಾಯವನ್ನು ಆರಂಭಿಸಿದರು. ಅದರ ಹೆಸರು 'ಕೊಯಿನೋನಿಯ'. ನಮ್ಮ ಸತ್ಯವೇದದ 'ಅನ್ಯೋನ್ಯತೆ'.

ವರ್ಣಭೇದವೇ ಕಾನೂನಾಗಿದ್ದ ಆ ಪ್ರಾಂತ್ಯದಲ್ಲಿ ಅವರು ಕಾನೂನು ಬದಲಾಗುವುದನ್ನು ಕಾಯಲಿಲ್ಲ. ಕರಿಯರಿಗೂ ಬಿಳಿಯರಿಗೂ ಸಮಾನ ಕೂಲಿ ಕೊಟ್ಟರು. ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕುಳಿತು ಉಂಡರು. ನೆರೆಹೊರೆಯವರನ್ನು ಹೆಚ್ಚು ಕೆರಳಿಸಿದ್ದು ಈ ಊಟವೇ. ಪಂಕ್ತಿಭೇದವನ್ನು ಬಲ್ಲ ನಮಗೆ ಇದು ಅಚ್ಚರಿಯಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಹಿಂಜರಿದದ್ದೂ ಊಟದ ಮುಂದೆಯೇ ಅಲ್ಲವೇ?

1950ರಲ್ಲಿ ಅವರು ಭಾರತೀಯ ವಿದ್ಯಾರ್ಥಿಯೊಬ್ಬನನ್ನು ತಮ್ಮ ಬ್ಯಾಪ್ಟಿಸ್ಟ್ ಸಭೆಯ ಆರಾಧನೆಗೆ ಕರೆದೊಯ್ದರು. ಹಿಂದೂವಾಗಿದ್ದ ಆತನಿಗೆ ಕ್ರೈಸ್ತರ ಆರಾಧನೆಯನ್ನು ನೋಡುವ ಕುತೂಹಲವಿತ್ತು. ಸಭಿಕರು ಕಂಡದ್ದು ಆತನ ಮೈಬಣ್ಣವನ್ನು ಮಾತ್ರ. ಕೊಯಿನೋನಿಯದವರನ್ನು ಸಭೆಯಿಂದ ಬಹಿಷ್ಕರಿಸಲಾಯಿತು. ಸುವಾರ್ತೆಗಾಗಿ ನಮ್ಮ ದೇಶದತ್ತ ಕೈಚಾಚಿದ ಪರಂಪರೆಯೇ ನಮ್ಮವನೊಬ್ಬನಿಗೆ ಪೀಠವನ್ನು ನಿರಾಕರಿಸಿತೆಂಬುದನ್ನು ಮಿಷನ್ ಇತಿಹಾಸ ಬೋಧಿಸುವ ನಾವು ಮರೆಯಲಾಗದು.

1956ರಿಂದ ವ್ಯಾಪಾರ ಬಹಿಷ್ಕಾರವೂ ಬಂದಿತು. ಬೀಜ, ಗೊಬ್ಬರ ಮಾರುವವರಿಲ್ಲ, ವಿಮೆಯೂ ರದ್ದಾಯಿತು. ರಸ್ತೆಬದಿಯ ಅಂಗಡಿ ಸ್ಫೋಟಕಕ್ಕೆ ತುತ್ತಾಯಿತು. ರಾತ್ರಿ ಮನೆಗಳತ್ತ ಗುಂಡು ಹಾರಿದವು. ಸಮುದಾಯವು ಪೀಕನ್ ಬೀಜಗಳನ್ನು ಅಂಚೆಯ ಮೂಲಕ ದೂರದ ಊರುಗಳಿಗೆ ಮಾರಿ ಉಳಿದುಕೊಂಡಿತು.

ಹಿಂಸೆಯ ಈ ಕಥನವನ್ನು ನಾವು ಇಷ್ಟಪಟ್ಟು ಹೇಳುತ್ತೇವೆ. ಆದರೆ ಮೇಜಿಗೆ ಬಂದ ಕರಿಯರಲ್ಲಿ ಪೂರ್ಣ ಸದಸ್ಯರಾದವರು ಬಹು ಸ್ವಲ್ಪವೇ. ಸೇರುವವರು ಆಸ್ತಿಯನ್ನೆಲ್ಲ ಸಮುದಾಯಕ್ಕೆ ಬಿಡಬೇಕಿತ್ತು. ಭೂಮಿಯಿದ್ದವನು ಅದನ್ನು ತೊರೆದರೆ ಶಿಷ್ಯತ್ವ. ತಲೆಮಾರುಗಳಿಂದ ಅನ್ಯರ ಹೊಲದಲ್ಲಿ ದುಡಿದವನಿಗೆ ತೊರೆಯಲು ಏನಿತ್ತು? ಆತನಿಗೆ ಸ್ವಂತ ಸೂರೇ ಬಿಡುಗಡೆಯಾಗಿತ್ತು. ಮಾದರಿ ಸಮಾಜದ ನಿಯಮವನ್ನು ಬರೆದವರು ಬಿಳಿಯರೇ ಆಗಿದ್ದುದು ನಮ್ಮ ದೃಷ್ಟಿಯಲ್ಲಿ ಅದರ ದೊಡ್ಡ ಕೊರತೆ.

ಜಾರ್ಡನ್ ತಮ್ಮ ಮಾದರಿಯನ್ನೇ ತಿದ್ದಿದರು. 1968ರಲ್ಲಿ ಸಮುದಾಯವು 'ಕೊಯಿನೋನಿಯ ಪಾರ್ಟ್‌ನರ್ಸ್' ಆಗಿ ಮರುರೂಪಗೊಂಡಿತು. ನೆರೆಯ ಬಡ ಕುಟುಂಬಗಳಿಗೆ ಲಾಭವೂ ಬಡ್ಡಿಯೂ ಇಲ್ಲದೆ ಸ್ವಂತ ಮನೆಗಳನ್ನು ಕಟ್ಟಿಕೊಡಲು ತೊಡಗಿತು. ಆ ಕೆಲಸ ಇನ್ನೂ ಎಳವೆಯಲ್ಲಿದ್ದಾಗ, 1969ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅವರನ್ನು ಅದೇ ಹೊಲದ ಮಣ್ಣಿನಲ್ಲಿ, ಹೆಸರಿನ ಕಲ್ಲಿಲ್ಲದ ಸಮಾಧಿಯಲ್ಲಿ ಹೂಳಲಾಯಿತು.